ಕ್ಯಾನ್ಸರ್ ಇಮ್ಯುನೋಥೆರಪಿಯಲ್ಲಿ ಜೀರ್ಣಾಂಗಗಳ ಅಡ್ಡಪರಿಣಾಮಗಳು: ರೋಗಿಗಳಿಗೂ ಆರೈಕೆ ಮಾಡುವವರಿಗೂ ಮಾಹಿತಿ

1. ಪೀಠಿಕೆ

ಕ್ಯಾನ್ಸರ್ ರೋಗಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಹಾಗೂ ಕೀಮೋಥೆರಪಿ ಬಹುಕಾಲದಿಂದ ಬಳಕೆಯಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಬಳಸಿಕೊಳ್ಳುವ ಚಿಕಿತ್ಸೆ ಸೇರಿಕೊಂಡಿದೆ. ಈ ಚಿಕಿತ್ಸೆಯಿಂದ ಹಲವರಿಗೆ ಪ್ರಯೋಜನವಾಗಿದೆ. ಆದರೆ ಇದರ ಅಡ್ಡಪರಿಣಾಮಗಳು ಕೀಮೋಥೆರಪಿಯ ಅಡ್ಡಪರಿಣಾಮಗಳಿಗಿಂತ ಭಿನ್ನವಾಗಿದ್ದು, ಅವುಗಳನ್ನು ನಿಭಾಯಿಸುವ ಕ್ರಮವೂ ಬೇರೆಯಾಗಿರುತ್ತದೆ.

ಮುಖ್ಯವಾಗಿ, ಈ ಚಿಕಿತ್ಸೆಯಲ್ಲಿರುವವರಿಗೆ ಭೇದಿಯಾದಾಗ ಅದನ್ನು ಊಟದ ವ್ಯತ್ಯಾಸದಿಂದಾದ ಸಾಮಾನ್ಯ ಭೇದಿ ಎಂದು ಭಾವಿಸಿ, ಔಷಧ ಅಂಗಡಿಯ ಮಾತ್ರೆಯಿಂದ ನಿಲ್ಲಿಸಲು ಯತ್ನಿಸುವುದು ಅಪಾಯಕಾರಿ. ಮೊದಲ ದಿನಗಳಲ್ಲಿಯೇ ಚಿಕಿತ್ಸಾ ಕೇಂದ್ರಕ್ಕೆ ತಿಳಿಸಿದಲ್ಲಿ ಬಹುಪಾಲು ಪ್ರಕರಣಗಳನ್ನು ಗುಣಪಡಿಸಬಹುದು. ತಡವಾದಲ್ಲಿ ಕರುಳಿಗೆ ರಂಧ್ರವಾಗುವಷ್ಟು ತೀವ್ರ ಸ್ಥಿತಿ ಉಂಟಾಗಬಹುದು. ಈ ಕುರಿತು ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಅಡ್ಡಪರಿಣಾಮ ಉಂಟಾಗಲು ಕಾರಣ

ನಮ್ಮ ರಕ್ತದಲ್ಲಿರುವ ಟಿ ಕಣಗಳು ರೋಗಾಣುಗಳನ್ನೂ ಕ್ಯಾನ್ಸರ್ ಕಣಗಳನ್ನೂ ಗುರುತಿಸಿ ನಾಶಪಡಿಸುವ ಸಾಮರ್ಥ್ಯ ಹೊಂದಿವೆ. ಅವು ದೇಹದ ಆರೋಗ್ಯವಂತ ಅಂಗಗಳ ಮೇಲೆ ಎರಗದಂತೆ ತಡೆಯಲು ಅವುಗಳ ಮೇಲ್ಮೈಯಲ್ಲಿ ಸಿಟಿಎಲ್‌ಎ-4, ಪಿಡಿ-1 ಮುಂತಾದ ನಿಯಂತ್ರಕಗಳಿರುತ್ತವೆ. ವಾಹನಕ್ಕೆ ಬ್ರೇಕ್ ಇರುವಂತೆ ಇವು ಕೆಲಸ ಮಾಡುತ್ತವೆ. ಅನೇಕ ಕ್ಯಾನ್ಸರ್ ಗೆಡ್ಡೆಗಳು ಈ ಬ್ರೇಕನ್ನೇ ಬಳಸಿಕೊಂಡು ಟಿ ಕಣಗಳಿಂದ ಪಾರಾಗುತ್ತವೆ. ಚೆಕ್‌ಪಾಯಿಂಟ್ ಪ್ರತಿಬಂಧಕಗಳೆಂಬ ಔಷಧಗಳು ಈ ಬ್ರೇಕನ್ನು ಸಡಿಲಿಸುತ್ತವೆ. ಈ ತತ್ತ್ವವನ್ನು ಕಂಡುಹಿಡಿದ ಜೇಮ್ಸ್ ಆಲಿಸನ್ ಹಾಗೂ ತಸುಕು ಹೊಂಜೊ ಅವರಿಗೆ 2018ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ಸಂದಿದೆ.

ಬ್ರೇಕ್ ಸಡಿಲಗೊಂಡಾಗ ಟಿ ಕಣಗಳು ಕೆಲವೊಮ್ಮೆ ಆರೋಗ್ಯವಂತ ಅಂಗಗಳ ಮೇಲೂ ಎರಗುತ್ತವೆ. ಕರುಳಿನ ಒಳಪದರದಲ್ಲಿ ರೋಗನಿರೋಧಕ ಕಣಗಳು ಹೇರಳವಾಗಿರುವುದರಿಂದ ಅಲ್ಲಿ ಉರಿಯೂತ ಉಂಟಾಗುವ ಸಂಭವ ಹೆಚ್ಚು. ದೊಡ್ಡ ಕರುಳಿನ ಈ ಉರಿಯೂತಕ್ಕೆ ಕೊಲೈಟಿಸ್ ಎಂದು ಹೆಸರು. ಅಂದರೆ ಇಲ್ಲಿ ಭೇದಿಗೆ ಕಾರಣ ಆಹಾರವಲ್ಲ, ರೋಗಾಣುವೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕಾರಣ. ಆದುದರಿಂದ ಪಥ್ಯದಿಂದ ಮಾತ್ರವಾಗಲಿ, ಸಾಮಾನ್ಯ ಭೇದಿಯ ಮಾತ್ರೆಯಿಂದಾಗಲಿ ಇದು ಗುಣವಾಗುವುದಿಲ್ಲ.

3. ಯಾರಲ್ಲಿ ಮತ್ತು ಯಾವಾಗ ಕಾಣಿಸಿಕೊಳ್ಳುತ್ತದೆ

ಅ) ಸಿಟಿಎಲ್‌ಎ-4 ವಿರುದ್ಧದ ಇಪಿಲಿಮುಮಾಬ್ ಔಷಧ ಪಡೆಯುವವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಗೆ ಭೇದಿ ಕಾಣಿಸಿಕೊಳ್ಳುತ್ತದೆ. ಪಿಡಿ-1 ವಿರುದ್ಧದ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಔಷಧಗಳನ್ನು ಮಾತ್ರ ಪಡೆಯುವವರಲ್ಲಿ ಈ ಪ್ರಮಾಣ ಕಡಿಮೆ. ಎರಡೂ ಬಗೆಯ ಔಷಧಗಳನ್ನು ಜೊತೆಯಾಗಿ ಪಡೆಯುವವರಲ್ಲಿ ತೀವ್ರ ಕೊಲೈಟಿಸ್ ಸಂಭವ ಹೆಚ್ಚು.

ಆ) ಸಾಮಾನ್ಯವಾಗಿ ಚಿಕಿತ್ಸೆ ಆರಂಭವಾದ ಮೊದಲ ಎರಡು ಮೂರು ತಿಂಗಳುಗಳಲ್ಲಿ ಲಕ್ಷಣಗಳು ಕಂಡುಬರುತ್ತವೆ. ಆದರೆ ಮೊದಲ ಡೋಸಿನ ಬಳಿಕವೇ ಬರಬಹುದು. ಕೊನೆಯ ಡೋಸ್ ಪಡೆದು ಹಲವು ತಿಂಗಳುಗಳು ಕಳೆದ ಮೇಲೂ ಬರಬಹುದು. ಚಿಕಿತ್ಸೆ ಮುಗಿದಿದೆ ಎಂಬ ಕಾರಣಕ್ಕೆ ಎಚ್ಚರಿಕೆಯನ್ನು ಕೈಬಿಡಬಾರದು.

ಇ) ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಅತ್ಯಲ್ಪ ಪ್ರಮಾಣದ ನಿವೊಲುಮಾಬ್ ಬಳಸಿ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಗಿದೆ. ವೆಚ್ಚ ಕಡಿಮೆಯಾಗುವ ಕಾರಣ ಈ ಕ್ರಮ ನಮ್ಮ ದೇಶದಲ್ಲಿ ಗಮನ ಸೆಳೆದಿದೆ. ಔಷಧದ ಪ್ರಮಾಣ ಕಡಿಮೆ ಎಂದ ಮಾತ್ರಕ್ಕೆ ಅಡ್ಡಪರಿಣಾಮ ಇರುವುದೇ ಇಲ್ಲವೆಂದು ಭಾವಿಸತಕ್ಕದ್ದಲ್ಲ.

4. ದಿನವಹಿ ಲೆಕ್ಕ ಇಡುವುದು

ಭೇದಿಯ ತೀವ್ರತೆಯನ್ನು ವೈದ್ಯರು ನಿರ್ಧರಿಸುವುದು ರೋಗಿಯ ಮಾಮೂಲಿ ಸಂಖ್ಯೆಗಿಂತ ಎಷ್ಟು ಸಲ ಹೆಚ್ಚಾಗಿದೆ ಎಂಬುದರ ಮೇಲೆ. ಆರಂಭದ ಶಿಲ್ಕು ಬರೆಯದ ನಗದು ಪುಸ್ತಕದಿಂದ ಹೇಗೆ ಲೆಕ್ಕ ಹೊಂದುವುದಿಲ್ಲವೋ ಹಾಗೆಯೇ, ಮಾಮೂಲಿ ಸಂಖ್ಯೆ ತಿಳಿಯದಿದ್ದಲ್ಲಿ ಹೆಚ್ಚಳವೂ ತಿಳಿಯದು. ಆದುದರಿಂದ ಮೊದಲ ಡೋಸಿಗೆ ಮುನ್ನವೇ ದಿನಕ್ಕೆ ಎಷ್ಟು ಸಲ ಮಲವಿಸರ್ಜನೆ ಆಗುತ್ತದೆ ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ನಂತರ ಪ್ರತಿದಿನ ಈ ಕೆಳಗಿನ ಅಂಶಗಳನ್ನು ನಮೂದಿಸುವುದು ಸೂಕ್ತ.

* ದಿನಾಂಕ ಮತ್ತು ಮಲವಿಸರ್ಜನೆಯ ಸಂಖ್ಯೆ. ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಯಿತೆ
* ಮಲ ನೀರಾಗಿದೆಯೆ, ರಕ್ತ ಅಥವಾ ಲೋಳೆ ಇದೆಯೆ, ಕಪ್ಪಾಗಿದೆಯೆ
* ಹೊಟ್ಟೆನೋವು, ನುಲಿತ, ವಾಂತಿ, ಜ್ವರ
* ಸೇವಿಸಿದ ಎಲ್ಲ ಔಷಧಗಳು
* ವಾರಕ್ಕೊಮ್ಮೆ ದೇಹದ ತೂಕ

ಈ ವಿಷಯಗಳನ್ನು ಹೇಳಿಕೊಳ್ಳಲು ಅನೇಕರು, ವಿಶೇಷವಾಗಿ ಹಿರಿಯರು, ಸಂಕೋಚಪಡುತ್ತಾರೆ. ಮನೆಯವರು ತಾವಾಗಿಯೇ ವಿಚಾರಿಸಿ ಬರೆದಿಡುವುದು ಒಳಿತು.

5. ತೀವ್ರತೆಯ ಹಂತಗಳು ಮತ್ತು ಕೈಗೊಳ್ಳಬೇಕಾದ ಕ್ರಮ

ಮೊದಲ ಹಂತ: ಮಾಮೂಲಿಗಿಂತ ದಿನಕ್ಕೆ 1ರಿಂದ 3 ಸಲ ಹೆಚ್ಚು. ಅದೇ ದಿನ ಚಿಕಿತ್ಸಾ ಕೇಂದ್ರಕ್ಕೆ ದೂರವಾಣಿ ಮೂಲಕ ತಿಳಿಸಬೇಕು. ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳಬೇಕು.

ಎರಡನೆಯ ಹಂತ: ಮಾಮೂಲಿಗಿಂತ ದಿನಕ್ಕೆ 4ರಿಂದ 6 ಸಲ ಹೆಚ್ಚು. ತಡಮಾಡದೆ ವೈದ್ಯರನ್ನು ಕಾಣಬೇಕು. ಮಲದಲ್ಲಿ ರಕ್ತ ಅಥವಾ ಲೋಳೆ, ಹೊಟ್ಟೆನೋವು ಕಂಡುಬಂದಲ್ಲಿ ಸಂಖ್ಯೆ ಕಡಿಮೆಯಿದ್ದರೂ ಇದೇ ಕ್ರಮ ಅನುಸರಿಸಬೇಕು.

ಮೂರನೆಯ ಹಂತ: ಮಾಮೂಲಿಗಿಂತ ದಿನಕ್ಕೆ 7 ಅಥವಾ ಅದಕ್ಕಿಂತ ಹೆಚ್ಚು ಸಲ, ಅಥವಾ ಮಲವನ್ನು ತಡೆದುಕೊಳ್ಳಲಾಗದ ಸ್ಥಿತಿ. ಆಸ್ಪತ್ರೆಗೆ ದಾಖಲಾಗಬೇಕು.

ನಾಲ್ಕನೆಯ ಹಂತ: ಪ್ರಾಣಾಪಾಯದ ಸ್ಥಿತಿ.

ಕೆಳಕಂಡ ಲಕ್ಷಣಗಳಿದ್ದಲ್ಲಿ ಮರುದಿನದವರೆಗೆ ಕಾಯದೆ, ಅಗತ್ಯವಿದ್ದಲ್ಲಿ 108 ಆಂಬುಲೆನ್ಸ್ ಕರೆಸಿ, ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗತಕ್ಕದ್ದು:

* ಸಹಿಸಲಾಗದ ಹೊಟ್ಟೆನೋವು, ಹೊಟ್ಟೆ ಉಬ್ಬರಿಸಿ ಗಟ್ಟಿಯಾಗುವುದು
* ಹೆಚ್ಚು ರಕ್ತ ಹೋಗುವುದು ಅಥವಾ ಡಾಂಬರಿನಂತಹ ಕಪ್ಪು ಮಲ
* ಭೇದಿಯೊಂದಿಗೆ ಜ್ವರ
* ಎದ್ದು ನಿಂತಾಗ ತಲೆಸುತ್ತು, ಮೂತ್ರ ತೀರ ಕಡಿಮೆಯಾಗುವುದು, ಮಂಪರು

ವಿಪರೀತ ಭೇದಿಯಾಗುತ್ತಿದ್ದವರಿಗೆ ಅದು ಥಟ್ಟನೆ ನಿಂತು, ಹೊಟ್ಟೆನೋವು ಹೆಚ್ಚಿದಲ್ಲಿ ಅದನ್ನು ಗುಣವಾದ ಲಕ್ಷಣವೆಂದು ತಿಳಿಯಬಾರದು. ಅದೂ ತುರ್ತು ಸ್ಥಿತಿಯೇ ಆಗಿರಬಹುದು.

6. ಮಾಡಬಾರದ ಕೆಲಸಗಳು

ಅ) ಲೋಪೆರಮೈಡ್ ಮುಂತಾದ ಭೇದಿ ನಿಲ್ಲಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು. ಇವು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತವೆಯೇ ಹೊರತು ಉರಿಯೂತವನ್ನು ಕಡಿಮೆ ಮಾಡುವುದಿಲ್ಲ. ಸಂಖ್ಯೆ ಇಳಿದಂತೆ ಕಂಡರೂ ಒಳಗೆ ರೋಗ ಬೆಳೆಯುತ್ತಿರಬಹುದು.

ಆ) ಆಂಟಿಬಯಾಟಿಕ್ ಮಾತ್ರೆಗಳನ್ನು ಅಂಗಡಿಯಿಂದ ತಾವೇ ಕೊಂಡು ಸೇವಿಸಬಾರದು. ಇದರಿಂದ ಮಲಪರೀಕ್ಷೆಯ ಫಲಿತಾಂಶ ಅಸ್ಪಷ್ಟವಾಗಬಹುದು. ಕೆಲವೊಮ್ಮೆ ಭೇದಿಯೇ ಹೆಚ್ಚಬಹುದು.

ಇ) ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳು ಕರುಳಿಗೆ ಹಾನಿ ಮಾಡಬಹುದಾದ್ದರಿಂದ ವೈದ್ಯರ ಅನುಮತಿಯಿಲ್ಲದೆ ಬಳಸಬಾರದು.

ಈ) ಕಷಾಯ, ನಾಟಿ ಔಷಧ, ಗಿಡಮೂಲಿಕೆಗಳನ್ನು ಸೇವಿಸುತ್ತಿದ್ದಲ್ಲಿ ಮುಚ್ಚಿಡದೆ ತಿಳಿಸಬೇಕು. ಅವುಗಳನ್ನು ನಂಬಿ ದಿನ ಕಳೆಯಬಾರದು.

ಉ) ಭೇದಿ ಇರುವಾಗ ಅದನ್ನು ತಿಳಿಸದೆ ಮುಂದಿನ ಡೋಸ್ ಪಡೆಯಬಾರದು.

7. ನೀರು ಮತ್ತು ಆಹಾರ

ಆಹಾರ ಕ್ರಮವು ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ. ಭೇದಿಯಿಂದ ನಷ್ಟವಾಗುವ ನೀರು ಮತ್ತು ಲವಣಗಳನ್ನು ತುಂಬಿಕೊಳ್ಳಲು ಓಆರ್‌ಎಸ್ ಉತ್ತಮ. ಪೊಟ್ಟಣದ ಮೇಲೆ ಸೂಚಿಸಿರುವಷ್ಟೇ ಶುದ್ಧ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಬೇಕು. ದೊರೆಯದಿದ್ದಲ್ಲಿ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ ಮತ್ತು ಅರ್ಧ ಮಟ್ಟ ಟೀ ಚಮಚ ಉಪ್ಪು ಬೆರೆಸಬಹುದು. ಒಮ್ಮೆಲೇ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಹಾಗೂ ಮಧುಮೇಹ ಇರುವವರು ಎಷ್ಟು ಕುಡಿಯಬೇಕೆಂದು ವೈದ್ಯರಿಂದ ತಿಳಿದುಕೊಳ್ಳಬೇಕು.

ಸೇವಿಸಬಹುದಾದವು: ಅಕ್ಕಿ ಗಂಜಿ, ಮೆತ್ತಗೆ ಬೆಂದ ಅನ್ನ, ಇಡ್ಲಿ, ಹೆಸರುಬೇಳೆಯ ತಿಳಿ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ ಮತ್ತು ಕ್ಯಾರೆಟ್, ಮಾಗಿದ ಬಾಳೆಹಣ್ಣು, ಚೆನ್ನಾಗಿ ಬೆಂದ ಮೊಟ್ಟೆ. ಕಾಯಿಸಿದ ಹಾಲಿಗೆ ಮನೆಯಲ್ಲಿಯೇ ಹೆಪ್ಪು ಹಾಕಿದ ತಾಜಾ ಮೊಸರು ಒಗ್ಗುವುದಾದರೆ ಸ್ವಲ್ಪ ಬಳಸಬಹುದು. ಮೂರು ಹೊತ್ತು ಹೊಟ್ಟೆತುಂಬ ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಸೇವಿಸುವುದು ಹಿತಕರ.

ತಾತ್ಕಾಲಿಕವಾಗಿ ಬಿಡಬೇಕಾದವು: ಹಾಲು, ಕಾಫಿ, ಮದ್ಯ, ಕರಿದ ಮತ್ತು ಹೆಚ್ಚು ಖಾರದ ತಿಂಡಿಗಳು, ಹಸಿ ತರಕಾರಿ, ಸೊಪ್ಪು, ಇಡೀ ಕಾಳುಗಳು. ರಾಗಿ ಮುದ್ದೆ ಆರೋಗ್ಯಕರ ಆಹಾರವೇ ಆದರೂ ಅದರಲ್ಲಿ ನಾರಿನಂಶ ಹೆಚ್ಚಿರುವುದರಿಂದ ಭೇದಿ ಇರುವಷ್ಟು ದಿನ ಬಿಡುವುದು ಸೂಕ್ತ. ಗುಣವಾದ ಬಳಿಕ ಇವೆಲ್ಲವನ್ನೂ ಹಂತ ಹಂತವಾಗಿ ಮತ್ತೆ ಆರಂಭಿಸಬಹುದು.

8. ಆಸ್ಪತ್ರೆಯಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ

ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮೊದಲು ಮಲಪರೀಕ್ಷೆ ಮಾಡಲಾಗುತ್ತದೆ. ರಕ್ತಪರೀಕ್ಷೆಯಿಂದ ಲವಣಾಂಶ, ಯಕೃತ್ತು ಹಾಗೂ ಮೂತ್ರಪಿಂಡಗಳ ಸ್ಥಿತಿ ತಿಳಿಯುತ್ತದೆ. ಅಗತ್ಯವಿದ್ದಲ್ಲಿ ಗುದದ್ವಾರದ ಮೂಲಕ ದರ್ಶಕ ನಳಿಕೆಯಿಂದ ಕರುಳನ್ನು ನೋಡಿ, ಒಳಪದರದ ಸಣ್ಣ ಚೂರನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಕಣ್ಣಿಗೆ ಸರಿಯಾಗಿ ಕಾಣುವ ಕರುಳಿನಲ್ಲಿಯೂ ಸೂಕ್ಷ್ಮದರ್ಶಕದಡಿ ಉರಿಯೂತ ಕಂಡುಬರುವುದುಂಟು.

ಎರಡನೆಯ ಹಂತದಿಂದ ಸಾಮಾನ್ಯವಾಗಿ ಇಮ್ಯುನೋಥೆರಪಿಯನ್ನು ತಡೆಹಿಡಿದು ಸ್ಟೀರಾಯ್ಡ್ ಔಷಧ ನೀಡಲಾಗುತ್ತದೆ. ಮೂರರಿಂದ ಐದು ದಿನಗಳಲ್ಲಿ ನಿರೀಕ್ಷಿತ ಗುಣ ಕಾಣದಿದ್ದಲ್ಲಿ ಇನ್‌ಫ್ಲಿಕ್ಸಿಮಾಬ್ ಅಥವಾ ವೆಡೊಲಿಜುಮಾಬ್ ಎಂಬ ಔಷಧಗಳನ್ನು ಪರಿಗಣಿಸಲಾಗುತ್ತದೆ. ಇನ್‌ಫ್ಲಿಕ್ಸಿಮಾಬ್ ನೀಡಿದಾಗ ದೇಹದಲ್ಲಿ ಸುಪ್ತವಾಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ ಮರುಕಳಿಸುವ ಸಂಭವವಿರುವುದರಿಂದ, ಹಿಂದೆ ಕ್ಷಯ ಅಥವಾ ಕಾಮಾಲೆ ಬಂದಿದ್ದಲ್ಲಿ ತಪ್ಪದೆ ತಿಳಿಸಬೇಕು.

ಭೇದಿ ನಿಂತ ಕೂಡಲೇ ಸ್ಟೀರಾಯ್ಡ್ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಇದನ್ನು ಸಾಮಾನ್ಯವಾಗಿ 4ರಿಂದ 6 ವಾರಗಳ ಅವಧಿಯಲ್ಲಿ ಕ್ರಮೇಣ ಇಳಿಸಲಾಗುತ್ತದೆ. ಥಟ್ಟನೆ ನಿಲ್ಲಿಸಿದಲ್ಲಿ ಕೊಲೈಟಿಸ್ ಮರುಕಳಿಸಬಹುದು. ಸ್ಟೀರಾಯ್ಡಿನಿಂದ ರಕ್ತದ ಸಕ್ಕರೆ ಏರುವುದರಿಂದ ಮಧುಮೇಹಿಗಳು ಪದೇ ಪದೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

9. ಜೀರ್ಣಾಂಗಗಳ ಇತರ ಲಕ್ಷಣಗಳು

ಯಕೃತ್ತು: ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಬಲಭಾಗದ ಮೇಲ್ಹೊಟ್ಟೆಯಲ್ಲಿ ನೋವು. ಅನೇಕರಲ್ಲಿ ಯಾವ ಲಕ್ಷಣವೂ ಇಲ್ಲದೆ ರಕ್ತಪರೀಕ್ಷೆಯಲ್ಲಿ ಮಾತ್ರ ಪತ್ತೆಯಾಗುವುದರಿಂದ ಪ್ರತಿ ಡೋಸಿನ ಮುನ್ನ ಹೇಳುವ ಪರೀಕ್ಷೆಗಳನ್ನು ತಪ್ಪಿಸಬಾರದು. ಈ ಸ್ಥಿತಿಯಲ್ಲಿ ಕಾಮಾಲೆಗೆಂದು ನಾಟಿ ಔಷಧ ಸೇವಿಸುವುದು ಅಪಾಯಕರ.

ಮೇದೋಜೀರಕ ಗ್ರಂಥಿ: ಮೇಲ್ಹೊಟ್ಟೆಯಿಂದ ಬೆನ್ನಿಗೆ ಹರಡುವ ತೀವ್ರ ನೋವು, ವಾಂತಿ.

ವಾಕರಿಕೆ ಮತ್ತು ವಾಂತಿ: ಇವುಗಳ ಜೊತೆಗೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದಲ್ಲಿ ಹೊಸದಾಗಿ ಮಧುಮೇಹ ಬಂದಿರಬಹುದು. ವಿಪರೀತ ಸುಸ್ತು, ತಲೆಸುತ್ತು ಇದ್ದಲ್ಲಿ ಹಾರ್ಮೋನ್ ಗ್ರಂಥಿಗಳ ತೊಂದರೆ ಇರಬಹುದು. ಇವೂ ಇದೇ ಚಿಕಿತ್ಸೆಯ ಅಡ್ಡಪರಿಣಾಮಗಳಾಗಿದ್ದು, ತಕ್ಷಣ ತಪಾಸಣೆ ಅಗತ್ಯ.

10. ಜೊತೆಯಲ್ಲಿರಬೇಕಾದ ಚೀಟಿ

ಚಿಕಿತ್ಸಾ ಕೇಂದ್ರ ದೂರದ ನಗರದಲ್ಲಿದ್ದು, ತೊಂದರೆ ಊರಿನಲ್ಲಿ ರಾತ್ರಿ ವೇಳೆ ಕಾಣಿಸಿಕೊಂಡಾಗ, ಸ್ಥಳೀಯ ವೈದ್ಯರಿಗೆ ಚಿಕಿತ್ಸೆಯ ಹಿನ್ನೆಲೆ ತಿಳಿದಿರುವುದಿಲ್ಲ. "ಕ್ಯಾನ್ಸರಿಗೆ ಇಂಜೆಕ್ಷನ್ ಕೊಡುತ್ತಿದ್ದಾರೆ" ಎಂದಷ್ಟೇ ಹೇಳಿದಲ್ಲಿ ಅದನ್ನು ಕೀಮೋಥೆರಪಿ ಎಂದು ತಿಳಿಯುವ ಸಂಭವವಿರುತ್ತದೆ. ಆದುದರಿಂದ ಕೆಳಕಂಡ ಮಾದರಿಯ ಚೀಟಿಯನ್ನು ವೈದ್ಯರಿಂದ ತುಂಬಿಸಿ ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು.

"ಈ ವ್ಯಕ್ತಿಯು ಕ್ಯಾನ್ಸರಿಗಾಗಿ ಇಮ್ಯುನೋಥೆರಪಿ ಪಡೆಯುತ್ತಿದ್ದಾರೆ ಅಥವಾ ಪಡೆದಿದ್ದಾರೆ. ಔಷಧದ ಹೆಸರು: ..... ಕೊನೆಯ ಡೋಸಿನ ದಿನಾಂಕ: ..... ಭೇದಿ, ಹೊಟ್ಟೆನೋವು, ಕಾಮಾಲೆ, ಉಸಿರಾಟದ ತೊಂದರೆ ಇದ್ದಲ್ಲಿ ಅದು ಈ ಔಷಧದ ಅಡ್ಡಪರಿಣಾಮವಾಗಿರಬಹುದು. ದಯವಿಟ್ಟು ಈ ದೂರವಾಣಿಯನ್ನು ಸಂಪರ್ಕಿಸಿರಿ: ....."

11. ಸಾಮಾನ್ಯ ಸಂದೇಹಗಳು

ಪ್ರಶ್ನೆ: ಭೇದಿಯ ವಿಷಯ ತಿಳಿಸಿದರೆ ಚಿಕಿತ್ಸೆ ನಿಲ್ಲಿಸಿಬಿಡುವುದಿಲ್ಲವೆ?

ಉತ್ತರ: ಸಾಲ ಮಾಡಿ ಚಿಕಿತ್ಸೆ ಪಡೆಯುತ್ತಿರುವ ಕುಟುಂಬಗಳಲ್ಲಿ ಈ ಭಯ ಸಹಜ. ಮೊದಲ ಹಂತದಲ್ಲಿ ಹಲವು ಸಲ ಚಿಕಿತ್ಸೆಯನ್ನು ಮುಂದುವರಿಸಲಾಗುತ್ತದೆ. ಎರಡನೆಯ ಹಂತದಲ್ಲಿ ತಡೆಹಿಡಿದು, ಗುಣವಾದ ಬಳಿಕ ಮತ್ತೆ ಆರಂಭಿಸುವ ಅವಕಾಶವಿರುತ್ತದೆ. ಮುಚ್ಚಿಟ್ಟು ಮೂರು, ನಾಲ್ಕನೆಯ ಹಂತ ತಲುಪಿದಾಗಲೇ ಔಷಧವನ್ನು ಶಾಶ್ವತವಾಗಿ ನಿಲ್ಲಿಸಬೇಕಾದ ಸಂದರ್ಭ ಹೆಚ್ಚು. ಬೇಗ ತಿಳಿಸುವುದೇ ಚಿಕಿತ್ಸೆಯನ್ನು ಉಳಿಸಿಕೊಳ್ಳುವ ಮಾರ್ಗ.

ಪ್ರಶ್ನೆ: ಸ್ಟೀರಾಯ್ಡ್ ಸೇವಿಸಿದರೆ ಇದುವರೆಗಿನ ಚಿಕಿತ್ಸೆ ವ್ಯರ್ಥವಾಗುವುದೆ?

ಉತ್ತರ: ಇಲ್ಲ. ಅಡ್ಡಪರಿಣಾಮಕ್ಕಾಗಿ ಸ್ಟೀರಾಯ್ಡ್ ಪಡೆದ ಅನೇಕರಲ್ಲಿ ಕ್ಯಾನ್ಸರಿನ ಮೇಲಿನ ಹಿಡಿತ ಮುಂದುವರಿದಿರುವುದು ಕಂಡುಬಂದಿದೆ.

ಪ್ರಶ್ನೆ: ಭೇದಿಯಾದರೆ ಕ್ಯಾನ್ಸರ್ ಹೆಚ್ಚಾಗಿದೆ ಎಂದು ಅರ್ಥವೆ?

ಉತ್ತರ: ಅಲ್ಲ. ಇದು ರೋಗನಿರೋಧಕ ಶಕ್ತಿ ಅತಿಯಾಗಿ ಚುರುಕುಗೊಂಡ ಪರಿಣಾಮವಾಗಿರಬಹುದು. ಕಾರಣವನ್ನು ಪರೀಕ್ಷೆಯಿಂದಲೇ ನಿರ್ಧರಿಸಬೇಕು.

ಗಮನಿಸಿ: ಈ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಸಂಕಲಿಸಲಾಗಿದ್ದು, ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ರೋಗಿಗಳು ತಮ್ಮ ಚಿಕಿತ್ಸಾ ಕೇಂದ್ರದ ಹಗಲು ಮತ್ತು ರಾತ್ರಿ ವೇಳೆಯ ದೂರವಾಣಿ ಸಂಖ್ಯೆಗಳನ್ನು ಮೊದಲ ಡೋಸ್ ಪಡೆಯುವ ದಿನವೇ ಕೇಳಿ ಬರೆದಿಟ್ಟುಕೊಳ್ಳಬೇಕಾಗಿ ಕೋರಲಾಗಿದೆ.