ಕಲ್ಲಿಗೆ ಎರೆದ ಹಾಲು ಹಾವಿನ ಹೊಟ್ಟೆಗೆ ಇಳಿದ ಕತೆ

ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂದು ಪ್ರತಿ ನಾಗರಪಂಚಮಿಗೂ ಪತ್ರಿಕೆಗಳು ನೆನಪಿಸುತ್ತವೆ. ಮರುದಿನದ ಪುಟದಲ್ಲಿ ಹುತ್ತಕ್ಕೆ ಹಾಲೆರೆಯುವವರ ಚಿತ್ರವೂ ಅಚ್ಚಾಗುತ್ತದೆ. ವಿಜ್ಞಾನ ಒಂದು ಕಡೆ, ನಂಬಿಕೆ ಇನ್ನೊಂದು ಕಡೆ ಎಂದು ಹೇಳಿ ಈ ತಕರಾರನ್ನು ಮುಗಿಸುವುದು ಸುಲಭ. ಇತಿಹಾಸ ಓದುತ್ತಿರುವ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಎರೆದ ಹಾಲು ಯಾರಿಗೆ? ಕಲ್ಲಿಗೋ, ಹುತ್ತಕ್ಕೋ, ಉಸಿರಾಡುವ ಹಾವಿಗೋ? ಮೂರಕ್ಕೂ ನಾವು 'ನಾಗನಿಗೆ ಹಾಲು' ಎಂಬ ಒಂದೇ ಮಾತು ಬಳಸುತ್ತೇವೆ. ಆದರೆ ಹಾವಿನ ಹೊಟ್ಟೆಗೆ ಈ ಮೂರರ ವ್ಯತ್ಯಾಸ ಚೆನ್ನಾಗಿ ಗೊತ್ತು.

ನನ್ನ ಊರು ಕುಂಬ್ರ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಬೆಳ್ಳಾರೆಯ ದಾರಿ ಕವಲೊಡೆಯುವ ಜಾಗ. ಅಡಿಕೆ ತೋಟ, ರಬ್ಬರು, ನಡುನಡುವೆ ಮರ ಬಳ್ಳಿಗಳ ಗುಂಪಾಗಿ ಉಳಿದುಕೊಂಡ ನಾಗಬನಗಳು. ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಸೇರಿ ಬನದಲ್ಲಿ ತಂಬಿಲ ಮಾಡುತ್ತೇವೆ. ನಾಗನ ಕಲ್ಲಿಗೆ ಹಾಲು, ಸೀಯಾಳ ಎರೆದು, ಅರಶಿನ ಹುಡಿ ಹಚ್ಚಿ, ಹಿಂಗಾರ ಏರಿಸುತ್ತಾರೆ. ಇದಕ್ಕೆ 'ತನು ಹಾಕುವುದು' ಎನ್ನುತ್ತೇವೆ. ನನ್ನ ಅಜ್ಜಿ ಎಂಬತ್ತು ವರ್ಷ ತನು ಹಾಕಿದವರು. ಒಂದು ದಿನವೂ ನಿಜವಾದ ಹಾವಿನ ಮುಂದೆ ಹಾಲಿನ ಬಟ್ಟಲು ಇಟ್ಟವರಲ್ಲ. ಅಂಗಳಕ್ಕೆ ಸರ್ಪ ಬಂದರೆ ಅವರು ಕೈಮುಗಿದು, ದೂರ ನಿಂತು, ಅದು ಹೋಗುವ ತನಕ ಕಾಯುತ್ತಿದ್ದರು. ಕಲ್ಲಿಗೆ ಹಾಲು, ಹಾವಿಗೆ ದಾರಿ. ಎರಡೂ ಬೇರೆ ಬೇರೆ ಮರ್ಯಾದೆಗಳು.

ಈ ವಿಭಜನೆ ಹಳೆಯದು. 12ನೇ ಶತಮಾನದಲ್ಲಿ ಬಸವಣ್ಣ ತನ್ನ ಕಾಲದವರನ್ನು ಟೀಕಿಸುವಾಗ ಹಾಲು ಸಲ್ಲುತ್ತಿದ್ದುದು ಶಿಲೆಯ ನಾಗನಿಗೆ ಎಂಬುದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾನೆ. ಜೀವಂತ ಹಾವಿಗೆ ಸಿಗುತ್ತಿದ್ದುದು ಪೆಟ್ಟು. ಅವನ ಟೀಕೆಯ ಗುರಿ ಆ ಇಬ್ಬಂದಿತನ. ನನ್ನ ಮಟ್ಟಿಗೆ ಅದೊಂದು ಚಾರಿತ್ರಿಕ ಸಾಕ್ಷ್ಯವೂ ಹೌದು.

ಹಾಗೆಂದು ಹಾವು ಹಾಲು ಕುಡಿಯುತ್ತದೆ ಎಂಬ ಕಲ್ಪನೆ ನಿನ್ನೆ ಮೊನ್ನೆಯದಲ್ಲ. ಸಂಸ್ಕೃತ ಪಂಚತಂತ್ರದಲ್ಲಿ ಹರಿದತ್ತನೆಂಬ ಬ್ರಾಹ್ಮಣ ಹೊಲದ ಹುತ್ತದ ಬಳಿ ದಿನವೂ ಹಾಲಿಟ್ಟು ಚಿನ್ನದ ನಾಣ್ಯ ಪಡೆಯುವ ಕತೆಯಿದೆ. 'ಹಾವಿಗೆ ಹಾಲೆರೆದ ಹಾಗೆ' ಎಂಬ ಮಾತು ಕನ್ನಡದಲ್ಲಿ ಎಲ್ಲರ ಬಾಯಲ್ಲೂ ಇದೆ. ಇದೇ ಸಂಪ್ರದಾಯ ಹಾವಿಗೆ ತದ್ವಿರುದ್ಧವಾದ ಆಹಾರವನ್ನೂ ಕಲ್ಪಿಸಿತ್ತು. ಅಮರಕೋಶ ಹಾವಿಗೆ ಕೊಡುವ ಹೆಸರುಗಳಲ್ಲಿ 'ಪವನಾಶನ' ಒಂದು, ಎಂದರೆ ಗಾಳಿ ತಿಂದು ಬದುಕುವುದು. ನಗುವ ಮೊದಲು ಯೋಚಿಸಬೇಕು. ಹಾವು ವಾರಗಟ್ಟಲೆ ಏನನ್ನೂ ತಿನ್ನದೆ ಇರುವುದನ್ನು ಯಾರೋ ಸರಿಯಾಗಿಯೇ ಗಮನಿಸಿದ್ದಾರೆ. ಕಾರಣ ಮಾತ್ರ ಅವರಿಗೆ ಸಿಕ್ಕಿರಲಿಲ್ಲ.

ಆ ಕಾರಣ ಇರುವುದು ಹಾವಿನ ಹೊಟ್ಟೆಯಲ್ಲಿ. ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟಿಸಿಕೊಳ್ಳದ ಪ್ರಾಣಿ ಅದು; ಜೀರ್ಣಕ್ಕೆ ಬೇಕಾದ ಶಾಖವನ್ನು ಬಿಸಿಲಿನಿಂದ, ಬಂಡೆಯಿಂದ, ಮಣ್ಣಿನಿಂದ ಪಡೆಯಬೇಕು. ಇಲಿ ನುಂಗಿದ ಮೇಲೆ ಮೈ ತಣ್ಣಗಾದರೆ ಒಳಗಿನ ಇಲಿ ಕರಗುವ ಬದಲು ಕೊಳೆಯತೊಡಗುತ್ತದೆ. ಹಾವು ಅದನ್ನು ಕಕ್ಕುತ್ತದೆ, ಕಕ್ಕಲಾಗದಿದ್ದರೆ ಸಾಯಲೂಬಹುದು. ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ಬರ್ಮಾ ಹೆಬ್ಬಾವಿನ ಮೇಲೆ ನಡೆಸಿದ ಅಧ್ಯಯನಗಳು ಇನ್ನೂ ಬೆರಗಿನ ಸಂಗತಿ ತೋರಿಸಿದವು. ಉಪವಾಸದಲ್ಲಿ ಹೆಬ್ಬಾವು ತನ್ನ ಕರುಳನ್ನೇ ಕುಗ್ಗಿಸಿಕೊಂಡಿರುತ್ತದೆ, ಜಠರದ ಆಮ್ಲ ನಿಂತಿರುತ್ತದೆ. ಬೇಟೆ ನುಂಗಿದ ಒಂದೆರಡು ದಿನದಲ್ಲಿ ಕರುಳಿನ ತೂಕ ಇಮ್ಮಡಿಯಾಗುತ್ತದೆ, ಆಮ್ಲ ಹರಿಯುತ್ತದೆ. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ ಊಟವಾದ 48 ಗಂಟೆಗಳಲ್ಲಿ ಅದರ ಹೃದಯದ ಸ್ನಾಯು ಶೇ. 40ರಷ್ಟು ಬೆಳೆಯುತ್ತದೆ. ಕೆಲಸ ಮುಗಿದ ಮೇಲೆ ಎಲ್ಲವೂ ಮೊದಲಿನಂತೆ ಕುಗ್ಗುತ್ತದೆ. ಅಂದರೆ ಹೆಬ್ಬಾವಿಗೆ ಊಟವೆನ್ನುವುದು ಮುಚ್ಚಿಟ್ಟ ಕಾರ್ಖಾನೆಯನ್ನು ಪ್ರತಿ ಸಲ ಹೊಸದಾಗಿ ಹೂಡಿದ ಹಾಗೆ.

ಇಂಥ ಹೊಟ್ಟೆಗೆ ಹಾಲು ಇಳಿದದ್ದು ಎಲ್ಲಿ? ಮುಖ್ಯವಾಗಿ ಹಾವಾಡಿಗನ ಬುಟ್ಟಿಯಲ್ಲಿ. ಹಬ್ಬಕ್ಕೆ ಮುಂಚೆ ಹಿಡಿದ ನಾಗರಹಾವಿನ ಹಲ್ಲು ಕೀಳುತ್ತಿದ್ದರು, ಕೆಲವೊಮ್ಮೆ ಬಾಯಿಗೆ ಹೊಲಿಗೆ ಹಾಕುತ್ತಿದ್ದರು. ಹಲ್ಲಿಲ್ಲದ ಹಾವು ಬೇಟೆ ಹಿಡಿಯಲಾರದು. ದಿನಗಟ್ಟಲೆ ನೀರಿಲ್ಲದೆ ಬತ್ತಿದ ಹಾವಿನ ಮುಂದೆ ಬಟ್ಟಲು ಇಟ್ಟರೆ ಅದು ಕುಡಿಯುತ್ತದೆ. ಅದು ನೀರಡಿಕೆ, ಭಕ್ತರ ಕಣ್ಣಿಗೆ ಪವಾಡ. ಸರೀಸೃಪಗಳು ಮರಿಗಳಿಗೆ ಹಾಲೂಡುವುದಿಲ್ಲ, ಹಾಗಾಗಿ ಹಾಲಿನ ಸಕ್ಕರೆಯನ್ನು ಒಡೆಯುವ ವ್ಯವಸ್ಥೆ ಅವುಗಳ ಕರುಳಿಗೆ ಎಂದೂ ಬೇಕಾಗಿರಲಿಲ್ಲ. ಕುಡಿದ ಹಾಲು ಒಳಗೆ ಹುಳಿತು ಭೇದಿಯಾಗುತ್ತದೆ. ಬಲವಂತವಾಗಿ ಬಾಯಿಗೆ ಹೊಯ್ದರೆ ಅಪಾಯ ಇನ್ನೂ ಹೆಚ್ಚು. ದೊಡ್ಡ ಬೇಟೆಯನ್ನು ನುಂಗುತ್ತಲೇ ಉಸಿರಾಡಬೇಕಾದ್ದರಿಂದ ಹಾವಿನ ಶ್ವಾಸನಾಳದ ಬಾಯಿ ನಾಲಿಗೆಯ ಹತ್ತಿರ, ಮುಂದಕ್ಕೇ ತೆರೆದಿರುತ್ತದೆ. ಹಾಲು ನೇರ ಶ್ವಾಸಕೋಶಕ್ಕೆ ಹೋಗಿ ಸೋಂಕು ಹತ್ತುತ್ತದೆ. ಶ್ರಾವಣದ ಥಂಡಿಯಲ್ಲಿ, ಬುಟ್ಟಿಯ ಕತ್ತಲಲ್ಲಿ ಬಿಸಿಲೂ ಇಲ್ಲ. ಕಲ್ಲಿನ ಮೇಲೆ ಹರಿದು ಮಣ್ಣು ಸೇರುತ್ತಿದ್ದ ಹಾಲು ಇಲ್ಲಿ ಕೊಲ್ಲುವ ವಸ್ತುವಾಯಿತು.

ಹಾವು ನಿಜಕ್ಕೂ ಏನು ತಿನ್ನುತ್ತದೆ ಎಂಬ ತಿಳಿವಳಿಕೆ ಪುಸ್ತಕಕ್ಕೆ ಬಂದದ್ದು ನಿಧಾನವಾಗಿ. ಪ್ಯಾಟ್ರಿಕ್ ರಸೆಲ್‌ನ ಭಾರತೀಯ ಹಾವುಗಳ ಗ್ರಂಥ 1796ರದು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಅಂಟಿಕೊಂಡದ್ದು ಇವನ ಹೆಸರೇ. 20ನೇ ಶತಮಾನದ ಆರಂಭದಲ್ಲಿ ಸೇನಾ ವೈದ್ಯ ಫ್ರಾಂಕ್ ವಾಲ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ವರ್ಷಗಟ್ಟಲೆ ಹಾವುಗಳ ಬಗ್ಗೆ ಬರೆದ. ಸತ್ತ ಹಾವುಗಳ ಹೊಟ್ಟೆ ಕೊಯ್ದು ಒಳಗಿದ್ದುದನ್ನು ದಾಖಲಿಸುವುದು ಅವನ ಕ್ರಮ. ನಾಗರಹಾವಿನ ಊಟ ಇಲಿ, ಕಪ್ಪೆ, ಬೇರೆ ಹಾವು, ಹಕ್ಕಿಯ ಮೊಟ್ಟೆ. ಗದ್ದೆ ತೋಟದ ಬೇಸಾಯಗಾರರಿಗೆ ಇದು ಹೊಸ ಸುದ್ದಿಯೇನೂ ಆಗಿರಲಾರದು.

ಮುಂದಿನ ತಿರುವು ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳು ಹಾವು ಹಿಡಿಯುವುದನ್ನು, ಸಾಕುವುದನ್ನು, ಆಡಿಸುವುದನ್ನು ಅಪರಾಧವಾಗಿಸಿದವು. ಮಹಾರಾಷ್ಟ್ರದ ಬತ್ತೀಸ್ ಶಿರಾಳಾದಲ್ಲಿ ಪಂಚಮಿಯಂದು ಜೀವಂತ ನಾಗರಹಾವುಗಳ ಮೆರವಣಿಗೆ ನಡೆಯುತ್ತಿತ್ತು. ಬಾಂಬೆ ಹೈಕೋರ್ಟಿನ ಆದೇಶ ಅದನ್ನು ತಡೆಯಿತು. ಹಾವುಗಳಿಗೆ ಇದರಿಂದ ಒಳಿತಾಯಿತು. ಹಾವಾಡಿಗರ ಮಕ್ಕಳು ಏನಾದರು ಎಂದು ಕೇಳಿದವರು ಕಡಿಮೆ. ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ತಮ್ಮ ವಿದ್ಯೆಯನ್ನು ಔಷಧಕ್ಕೆ ಬೇಕಾದ ವಿಷ ಸಂಗ್ರಹಿಸುವ ಕಸುಬಾಗಿ ಉಳಿಸಿಕೊಂಡರು. ವಿಷ ತೆಗೆದ ಹಾವನ್ನು ಕಾಡಿಗೆ ಮರಳಿಸುತ್ತಾರೆ. ಹಾವನ್ನು ಮುಟ್ಟಿ ಬದುಕಿದ ಎಲ್ಲರಿಗೂ ಇಂಥ ದಾರಿ ಸಿಗಲಿಲ್ಲ.

ಈಗ ನಮ್ಮ ಕಡೆ ಬುಟ್ಟಿಯಿಲ್ಲ. ಹಾವಿನ ಹೊಟ್ಟೆಗೆ ನಾವು ಕೊಡುವ ತೊಂದರೆ ಮಾತ್ರ ರೂಪ ಬದಲಿಸಿದೆ. ಕೋಳಿಗೂಡಿಗೆ ಪೆರ್ಮರಿ, ಎಂದರೆ ಹೆಬ್ಬಾವು, ನುಗ್ಗಿದ ಸುದ್ದಿ ನಮ್ಮಲ್ಲಿ ಸಾಮಾನ್ಯ. ಜನ ಸೇರುತ್ತಾರೆ, ಬಾಲ ಎಳೆಯುತ್ತಾರೆ, ಮೊಬೈಲು ಹಿಡಿಯುತ್ತಾರೆ. ಹೆದರಿದ ಹಾವು ಓಡಲು ಹಗುರಾಗಬೇಕೆಂದು ನುಂಗಿದ ಕೋಳಿಯನ್ನು ಕಕ್ಕುತ್ತದೆ. ಸತ್ತ ಕೋಳಿ ಯಾರಿಗೂ ಉಪಯೋಗವಿಲ್ಲ. ಹಾವಿಗೆ ಹೋದದ್ದು ವಾರಗಟ್ಟಲೆಯ ಊಟ ಮತ್ತು ಅದಕ್ಕಾಗಿ ಕರುಳು ಹೃದಯಗಳನ್ನು ಬೆಳೆಸಲು ಸುರಿದ ಶಕ್ತಿ. ನೋಡುವವರಿಗೆ ಮಾತ್ರ ಅದು ಚಪ್ಪಾಳೆಯ ಗಳಿಗೆ.

ನೆರೆಯ ತಾಲೂಕಿನ ಒಂದು ಘಟನೆ ಇದಕ್ಕೆ ಎದುರು ಸಾಕ್ಷಿ. 2023ರ ಜೂನ್‌ನಲ್ಲಿ ಬಂಟ್ವಾಳದ ವಗ್ಗದ ಬಳಿ ಗಾಯಗೊಂಡ ನಾಗರಹಾವೊಂದು ಸಿಕ್ಕಿತು. ಮಂಗಳೂರಿನಲ್ಲಿ ಪಶುವೈದ್ಯರು ಎಕ್ಸ್‌ರೇ ತೆಗೆದಾಗ ಅದು ಪ್ಲಾಸ್ಟಿಕ್ ಡಬ್ಬಿ ನುಂಗಿದ್ದು ತಿಳಿಯಿತು. ಅರಿವಳಿಕೆ ಕೊಟ್ಟು ಡಬ್ಬಿಯನ್ನು ಹೊರತೆಗೆದು, ಆರೈಕೆ ಮಾಡಿ, ಚೇತರಿಸಿಕೊಂಡ ಮೇಲೆ ಕಾಡಿಗೆ ಬಿಟ್ಟರು. ಸತ್ತ ಹಾವಿಗೆ ಸಂಸ್ಕಾರ ಮಾಡುವ ವಿಧಿಯನ್ನು ನಮ್ಮ ಸೀಮೆ ಬಹಳ ಕಾಲದಿಂದ ಬಲ್ಲುದು. ಅದಕ್ಕಾಗಿ ದೇಶದ ಮೂಲೆ ಮೂಲೆಯಿಂದ ಜನ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುತ್ತಾರೆ. ಬದುಕಿರುವ ಹಾವಿನ ಹೊಟ್ಟೆನೋವಿಗೆ ಮದ್ದು ಮಾಡಿದ್ದು ಈ ಚರಿತ್ರೆಯಲ್ಲಿ ಹೊಸ ಅಧ್ಯಾಯ. ಎರಡರ ಹಿಂದೆಯೂ ಇರುವ ಭಾವ ಒಂದೇ ಎಂದು ನನಗೆ ಅನಿಸುತ್ತದೆ.

ಇದನ್ನೆಲ್ಲ ಬರೆಯಲು ಮನೆಯದೇ ಒಂದು ಕಾರಣವಿದೆ. ನಮ್ಮ ಬನದ ಮರ ಕಡಿದು, ಸುತ್ತ ಕಾಂಕ್ರೀಟು ಹಾಕಿ, ಟೈಲ್ಸಿನ ಕಟ್ಟೆ ಕಟ್ಟಿಸಬೇಕೆಂದು ಕುಟುಂಬದಲ್ಲಿ ಮಾತು ಎದ್ದಿದೆ. ಮಳೆಗಾಲದಲ್ಲಿ ಕೆಸರು, ವಯಸ್ಸಾದವರು ಜಾರುತ್ತಾರೆ. ದೊಡ್ಡಪ್ಪ ಹೇಳುವುದು ಸುಳ್ಳಲ್ಲ. ಆದರೆ ಹಾವಿಗೆ ಬನ ಕೊಡುತ್ತಿದ್ದುದು ಹಾಲನ್ನಲ್ಲ. ತರಗೆಲೆಯಡಿಯ ಕಪ್ಪೆ, ಬೇರಿನ ಸಂದಿನ ಇಲಿ, ನುಂಗಿದ್ದು ಅರಗುವ ತನಕ ಯಾರೂ ಕೆಣಕದ ಪೊಟರೆ, ಮರಗಳ ನಡುವೆ ಬೀಳುವ ತುಣುಕು ಬಿಸಿಲು: ನಾಗನಿಗೆ ನಮ್ಮ ಹಿರಿಯರು ಬಡಿಸಿದ ಊಟ ಇದು. ಟೈಲ್ಸಿನ ಮೇಲೆ ಎಷ್ಟು ತನು ಹಾಕಿದರೂ ಅದು ಮರಳಿ ಬಾರದು.

ಜಾರದಂತೆ ಕಲ್ಲಿನ ಮೆಟ್ಟಿಲು ಹಾಕೋಣ, ಮರ ಮುಟ್ಟುವುದು ಬೇಡ ಎಂದು ಮುಂದಿನ ಕುಟುಂಬದ ಸಭೆಯಲ್ಲಿ ಕೇಳುವವಳಿದ್ದೇನೆ. ಒಪ್ಪುತ್ತಾರೋ ಗೊತ್ತಿಲ್ಲ. ಮನೆಯ ಕಿರಿಯಳ ಮಾತು ಅಲ್ಲಿ ಅಷ್ಟು ನಡೆಯುವುದಿಲ್ಲ. ಆದರೆ ತಂಬಿಲದ ದಿನ ಹಾಲಿನ ಗಿಂಡಿ ಹೊತ್ತು ತರುವ ಕೆಲಸ ನನ್ನದೇ.