ಗೋಮಾಂತಕದ ಇಗರ್ಜಿ ಶಾಲೆಗಳಲ್ಲಿ ಸಂಗೀತಶಿಕ್ಷಣ

ಗೋಮಾಂತಕದ ಗ್ರಾಮಗಳಲ್ಲಿ ಭೂಮಿಯು ಗಾಂವಕರರ ಸಮುದಾಯಕ್ಕೆ ಸೇರಿದ್ದಿತು. ದೇವಸ್ಥಾನದ ಸೇವಕರ ಜೀವನವೂ ಆ ಭೂಮಿಯ ಹುಟ್ಟುವಳಿಯಿಂದಲೇ ನಡೆಯುತ್ತಿದ್ದಿತು. ಪೋರ್ಚುಗೀಸರು 1526ರಲ್ಲಿ ಬರೆಯಿಸಿದ ಗ್ರಾಮಾಚಾರಗಳ ಶಾಸನದಲ್ಲಿ, ಊರಿಗೆ ಬಂದ ನರ್ತಕಿಯರು ಮೊದಲು ಮುಖ್ಯ ಗಾಂವಕರನ ಮನೆಯಲ್ಲಿ ನರ್ತಿಸತಕ್ಕದ್ದೆಂಬ ವಿಧಿಯುಂಟು. ಕಲೆಗೂ ಗ್ರಾಮಕ್ಕೂ ಇದ್ದ ಸಂಬಂಧಕ್ಕೆ ಬೇರೆ ಸಾಕ್ಷ್ಯವೇಕೆ? ತಿಸವಾಡಿಯ ದೇವಾಲಯಗಳು 1540ರಲ್ಲಿ ನಾಶವಾದುವು. ಮರುವರ್ಷವೇ ಅವುಗಳ ಭೂಮಿಯ ಆದಾಯವು ಕ್ರೈಸ್ತ ಪೂಜಾಮಂದಿರಗಳಿಗೂ ಸಾಂತಾ ಫೆ ಎಂಬ ವಿದ್ಯಾಲಯಕ್ಕೂ ಸಂದಿತು. ಗಾಂವಕರರು ಇದಕ್ಕೆ ಒಪ್ಪಿದರೆಂದು ದಾಖಲೆಯು ಹೇಳುವುದು. ಆ ಒಪ್ಪಿಗೆಯು ಎಷ್ಟರಮಟ್ಟಿಗೆ ಸ್ವೇಚ್ಛೆಯದೆಂದು ಊಹಿಸುವುದು ಕಷ್ಟವಲ್ಲ.

ಬಳಿಕ ಇಗರ್ಜಿಗಳಿಗೆ ಹೊಂದಿಕೊಂಡು ಶಾಲೆಗಳು ಏರ್ಪಟ್ಟುವು. ಅಲ್ಲಿ ‘ಮೆಸ್ತ್ರೆ’ ಎನಿಸಿಕೊಂಡ ಉಪಾಧ್ಯಾಯನು ಬಾಲಕರಿಗೆ ಅಕ್ಷರ, ಧರ್ಮಪಾಠಗಳೊಡನೆ ಸ್ವರಲಿಪಿಯನ್ನೋದಿ ಹಾಡುವುದನ್ನೂ ಪಿಟೀಲನ್ನೂ ಕಲಿಸುತ್ತಿದ್ದನು. ಹಬ್ಬದ ಪೂಜೆಗೆ ಆ ಬಾಲಕರೇ ಗಾಯಕರು. ಇಗರ್ಜಿಯ ವೆಚ್ಚಕ್ಕೆ ಗ್ರಾಮಸಮುದಾಯವೇ ಧನವೀಯುತ್ತಿದ್ದುದರಿಂದ, ವಿದ್ಯೆಯು ಪರದೇಶದ್ದಾದರೂ ಅದನ್ನು ಪೋಷಿಸಿದುದು ಹಳೆಯ ಗದ್ದೆಗಳೇ ಎನ್ನಬೇಕು.

ಮಜೋರ್ಡಾ ಗ್ರಾಮದ ಆಂತೊನಿ ಗೊನ್ಸಾಲ್ವಿಸರು (1927–2012) ಇಂತಹ ಇಗರ್ಜಿಯೊಂದರ ಗಾಯನಗುರುವಿನ ಮಕ್ಕಳು. ಮುಂಬಯಿಯ ಚಲಚ್ಚಿತ್ರಗಳಲ್ಲಿ ಪಿಟೀಲುವಾದಕರಾಗಿ ಹೆಸರಾಂತು, ಪ್ಯಾರೇಲಾಲರಿಗೆ ಗುರುಗಳಾದ ಇವರು, 1958ರಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿಯೊಂದನ್ನು ಕಟ್ಟಿ ಅದರಲ್ಲಿ ಹಿಂದೂಸ್ತಾನೀ ರಾಗಗಳನ್ನು ನುಡಿಸಿದರು.