ಕೇಪಿನ ಕಡಲತೀರ ಮತ್ತು ಐದು ಅಂಚೆಚೀಟಿಗಳು

ಶಾಸನ ನಾಣ್ಯಗಳಂತೆ ಅಂಚೆಚೀಟಿಯೂ ಇತಿಹಾಸಕ್ಕೆ ಆಧಾರವಾಗಬಲ್ಲದು. ಆದರೆ ಅದು ಯಾವ ಕಾಲಕ್ಕೆ ಸಾಕ್ಷಿ ಎಂಬುದನ್ನು ಮೊದಲು ವಿಚಾರಿಸಬೇಕು. ಯಾನ್ ವಾನ್ ರೀಬೆಕ್ ಎಂಬ ಡಚ್ಚನು ಆಫ್ರಿಕದ ದಕ್ಷಿಣ ತುದಿಯ ಕೇಪಿನಲ್ಲಿ ಬಂದಿಳಿದು 300 ವರ್ಷ ತುಂಬಿದುದರ ಸ್ಮರಣೆಗಾಗಿ ದಕ್ಷಿಣ ಆಫ್ರಿಕದ ಸರ್ಕಾರವು 1952ರ ಮಾರ್ಚ್ 14ರಂದು ಐದು ಚೀಟಿಗಳನ್ನು ಹೊರಡಿಸಿತು. ಇವುಗಳನ್ನೇ ಇಲ್ಲಿ ಪರೀಕ್ಷಿಸುತ್ತೇವೆ.

ಒಂದು ಶಿಲಿಂಗಿನ ಚೀಟಿಯಲ್ಲಿರುವುದು ಬಂದಿಳಿದ ದೃಶ್ಯ. ಇದರ ಮೂಲವು ಚಾರ್ಲ್ಸ್ ಡೇವಿಡ್‌ಸನ್ ಬೆಲ್ ಬರೆದ ವರ್ಣಚಿತ್ರ. ಈತ 19ನೆಯ ಶತಮಾನದಲ್ಲಿ ಕೇಪ್ ವಸಾಹತಿನ ಸರ್ವೇಯರ್ ಜನರಲ್ ಆಗಿದ್ದವನು. 1853ರ ಪ್ರಸಿದ್ಧ ತ್ರಿಕೋನಾಕಾರದ ಅಂಚೆಚೀಟಿಯ ವಿನ್ಯಾಸವೂ ಇವನದೇ. ಘಟನೆಗೂ ಚಿತ್ರಕ್ಕೂ ಸುಮಾರು 200 ವರ್ಷಗಳ ಅಂತರವಿದೆ. ಚಿತ್ರದ ನಡುವೆ ಡಚ್ಚರು ನೆಟ್ಟಗೆ ನಿಂತಿದ್ದಾರೆ. ನೆಲದ ಒಡೆಯರಾದ ಖೋಯಿಖೋಯಿ ಜನರು ಒಂದು ಪಕ್ಕಕ್ಕಿದ್ದಾರೆ.

ಮುಖಚಿತ್ರಗಳ ಕಥೆ ಇನ್ನೂ ಸೋಜಿಗದ್ದು. ನಾಲ್ಕೂವರೆ ಪೆನ್ನಿಯ ಚೀಟಿಯಲ್ಲಿ ರೀಬೆಕ್, ಒಂದು ಪೆನ್ನಿಯದರಲ್ಲಿ ಅವನ ಪತ್ನಿ ಮಾರಿಯಾ. ಎರಡಕ್ಕೂ ಡಿರ್ಕ್ ಕ್ರೇ ಬರೆದ, ಆಮ್‌ಸ್ಟರ್‌ಡಾಮಿನ ರೈಕ್ಸ್ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರಗಳೇ ಮಾತೃಕೆ. ಅವು ರೀಬೆಕ್ ದಂಪತಿಗಳವಲ್ಲವೆಂದೂ ಪ್ರಾಯಶಃ ಬಾರ್ಥೊಲೊಮಿಯಸ್ ವರ್ಮೈಡನ್ ಮತ್ತು ಕಾಥರಿನಾ ಕೆಟ್ಟಿಂಗ್ ಎಂಬವರವೆಂದೂ ಅನಂತರ ನಿರ್ಣಯವಾಗಿದೆ. ರಾಷ್ಟ್ರದ ಮೂಲಪುರುಷನೆಂದು ಜನ ಕಂಡುದು ಬೇರೊಬ್ಬನ ಮುಖವನ್ನು!

'ಮೂಲಪುರುಷ' ಎಂಬ ಮಾತಾದರೂ ಎಷ್ಟು ಸಲ್ಲುತ್ತದೆ? 1651ರ ಡಿಸೆಂಬರ್ 24ರಂದು ಹೊರಟು 1652ರ ಏಪ್ರಿಲ್ 6ರಂದು ಟೇಬಲ್ ಕೊಲ್ಲಿಯನ್ನು ಮುಟ್ಟಿದ ಆತ ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಪೂರ್ವದೇಶಗಳಿಗೆ ಹೋಗಿಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸಗಳನ್ನು ಒದಗಿಸುವುದಷ್ಟೇ ಅವನಿಗೆ ವಿಧಿಸಿದ್ದ ಕೆಲಸ. ಕಂಪನಿಯು ಬಯಸಿದ್ದು ತೋಟವನ್ನು, ರಾಷ್ಟ್ರವನ್ನಲ್ಲ. ಆದರೆ 1657ರಲ್ಲಿ ಕೆಲವು ನೌಕರರನ್ನು ಸೇವೆಯಿಂದ ಬಿಡಿಸಿ ಬೇಸಾಯಕ್ಕೆ ಭೂಮಿ ಕೊಡಲಾಯಿತು. ಆ ಭೂಮಿ ಖೋಯಿಖೋಯಿಗಳ ದನಗಳ ಹುಲ್ಲುಗಾವಲು. 1659ರಲ್ಲಿ ಯುದ್ಧವಾಯಿತು. ಮರುವರ್ಷದ ಸಂಧಾನದಲ್ಲಿ ಅವರು, ನ್ಯಾಯವಾದ ಒಡೆಯನು ಬಿಡಬೇಕೋ, ಹೊರಗಿನಿಂದ ಬಂದವನು ಬಿಡಬೇಕೋ ಎಂಬ ಅರ್ಥದಲ್ಲಿ ಪ್ರಶ್ನಿಸಿದುದು ಸ್ವತಃ ರೀಬೆಕನ ದಿನಚರಿಯಲ್ಲೇ ದಾಖಲಾಗಿದೆ. ಚೀಟಿಗಳಲ್ಲಿ ಈ ಪ್ರಶ್ನೆಯ ಸುಳಿವಿಲ್ಲ. ಅದೇ ಕಂಪನಿಯ ಆಳ್ವಿಕೆಯಲ್ಲಿ ಬಂಗಾಳ, ಕೋರಮಂಡಲ, ಮಲಬಾರ್ ತೀರಗಳಿಂದ ಗುಲಾಮರಾಗಿ ಕೇಪಿಗೆ ಸಾಗಿಸಲ್ಪಟ್ಟ ನಮ್ಮ ನಾಡಿನವರೂ ಅವುಗಳಲ್ಲಿಲ್ಲ.

ಆದ್ದರಿಂದ ಈ ಚೀಟಿಗಳನ್ನು 1652ಕ್ಕಿಂತ 1952ರ ಆಧಾರಗಳೆಂದು ಎಣಿಸುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಜನರನ್ನು ವರ್ಣಾನುಸಾರವಾಗಿ ದಾಖಲಿಸುವ ಮತ್ತು ವಾಸಸ್ಥಳಗಳನ್ನು ವಿಭಾಗಿಸುವ ಎರಡು ಕಾಯಿದೆಗಳು 1950ರಲ್ಲಿಯೇ ಬಂದಿದ್ದವು. ಉತ್ಸವದ ದಿನವಾದ ಏಪ್ರಿಲ್ 6ರಂದೇ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸೂ ದಕ್ಷಿಣ ಆಫ್ರಿಕದ ಇಂಡಿಯನ್ ಕಾಂಗ್ರೆಸ್ಸೂ ಪ್ರತಿಭಟನಾ ಸಭೆಗಳನ್ನು ನಡೆಸಿದವು. ಜೂನ್ 26ರಂದು ಆರಂಭವಾದ ಕಾನೂನುಭಂಗ ಚಳವಳಿಯಲ್ಲಿ 8,000ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು.